ಎದುರುಮನೆ ಕಾಕು ಪಡಸಾಲೆಗೆ ಕಾಗದ ಹಚ್ಚಿದ್ದು

ಕಳೆದ ವಾರ ಅಡುಗೆಮನೆಯ ಕಪಾಟಿನ ಹಲಗೆಗಳಿಗೆ ಹೊಸ ಕಾಗದ ಅಂಟಿಸೋಣವೆಂದು ಒಂದು ಬಟ್ಟಲು ಮೈದಾ ಕಲಸಿ ಒಲೆಯ ಮೇಲಿಟ್ಟೆ. ಅಂಗಡಿಯಲ್ಲಿ ತರಹೇವಾರಿ ಅಂಟು ಸಿಗುತ್ತದೆ, ಆದರೂ ನನ್ನ ಕೈಗೆ ಮೈದಾದ ಅಂಟೇ ಒಗ್ಗಿದೆ. ಮೊದಲು ಹಾಲಿನಂತೆ ತೆಳ್ಳಗಿದ್ದದ್ದು ಸ್ವಲ್ಪ ಹೊತ್ತಿಗೆ ತಳ ಹಿಡಿಯಲು ನೋಡುತ್ತದೆ, ಸೌಟಿಗೆ ಭಾರವಾಗುತ್ತದೆ, ಆಮೇಲೆ ನಡುವಿನಲ್ಲಿ ಒಂದೊಂದೇ ಗುಳ್ಳೆ ಎದ್ದು ಒಡೆಯುತ್ತದೆ. ಹುಳ ಹತ್ತಬಾರದೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಉದುರಿಸಿದೆ. ನೀಲಿ ಪುಡಿ ಕರಗುತ್ತ ಬಿಳಿಯ ಅಂಟಿನಲ್ಲಿ ಎಳೆ ಎಳೆಯಾಗಿ ಹರಡಿತು... ಬೆಂದ ಹಿಟ್ಟಿನ ವಾಸನೆಯೊಳಗೆ ತಾಮ್ರದ ಆ ಒಗರು ಸೇರಿದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ಬೆನ್ನ ಹಿಂದೆ ಯಾರೋ, "ತಂಗಿ, ಗಂಟ ಆಗದಂಗ ತಿರವ" ಎಂದ ಹಾಗಾಯಿತು. ತಿರುಗಿ ನೋಡಿದೆ. ಯಾರಿರುತ್ತಾರೆ? ಕಾಕು ತೀರಿಕೊಂಡು ಎಷ್ಟೋ ವರ್ಷಗಳಾದವು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯಿಂದ ಲಗ್ನವಾಗಿ ಚಿಕ್ಕೋಡಿಗೆ ಬಂದೆ. ನಮ್ಮ ಬಾಗಿಲಿಗೆ ಸರಿಯಾಗಿ ಎದುರು ಬಾಗಿಲು ಅವರದು. ಓಣಿಯಲ್ಲಿ ಎಲ್ಲರೂ ಅವರನ್ನು ಚಿಕ್ಕಮ್ಮ ಎಂಬರ್ಥದಲ್ಲಿ ಕಾಕು ಎನ್ನುತ್ತಿದ್ದರು, ನಾನೂ ಅಂದೆ. ಎತ್ತರದ ಹೆಂಗಸು. ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ತೋರುಬೆರಳು ಸದಾ ಕಪ್ಪಗಿರುತ್ತಿತ್ತು. ಮಾತು ಜೋರು. ನಾನು ಬಂದ ಹೊಸದರಲ್ಲಿ ಕಟ್ಟೆಯ ಮೇಲೆ ಕೂತು ಕುಪ್ಪಸ ಹೊಲಿಯುತ್ತಿದ್ದರೆ ಎದುರಿನಿಂದಲೇ ಕೂಗುತ್ತಿದ್ದರು.

"ಏ ಅಥಣಿ ತಂಗಿ, ದ್ರಾಕ್ಷಿಗಿ ಹೊಡಿಯೂ ಔಷಧದಾಗ ಬೆಳದೀಯೇನಬೇ, ಕೈಯಾಗಿನ ನರಾ ನೋಡ, ಎಷ್ಟ ಹಸರ ಅದಾವ!"

"ಹೌದ್ರಿ ಕಾಕು, ಅದಕ್ಕ ನಮಗ ಹುಳಾ ಹತ್ತೂದಿಲ್ಲ" ಎಂದು ನಾನೂ ಅಂದುಬಿಡುತ್ತಿದ್ದೆ. ಅವರಿಗೆ ತಿರುಗಿ ಮಾತಾಡುವವರು ಬೇಕಾಗಿತ್ತು. ಹೀಗೆ ನಮ್ಮಿಬ್ಬರಿಗೂ ಹೊಂದಿಕೆಯಾಯಿತು.

ಅವರ ಪಡಸಾಲೆಯ ಗೋಡೆಯೊಂದಕ್ಕೆ ಹಳೆಯ ಹಸಿರು ಸೀರೆಯ ಪರದೆ ಇತ್ತು. ಅದರ ಹಿಂದೆ ಕಿಟಕಿಯೂ ಇರಲಿಲ್ಲ, ಗೂಡೂ ಇರಲಿಲ್ಲ. ದಿನಾ ಬೆಳಿಗ್ಗೆ ಜಳಕ ಮುಗಿಸಿ, ದೇವರಿಗೆ ಊದಿನಕಡ್ಡಿ ಬೆಳಗಿ, ಒದ್ದೆ ಬೆರಳಿಗೆ ಕುಂಕುಮ ಅದ್ದಿಕೊಂಡು ಕಾಕು ಆ ಪರದೆಯ ಎಡದ ಅಂಚನ್ನು ಎತ್ತುತ್ತಿದ್ದರು. ನನ್ನ ಬಾಗಿಲಿನಿಂದ ಅವರ ಬೆನ್ನು, ಮೇಲೆ ಎತ್ತಿದ ಮೊಣಕೈ ಇಷ್ಟೇ ಕಾಣುತ್ತಿತ್ತು. ಗೋಡೆಗೆ ಏನೋ ಹಚ್ಚುತ್ತಿದ್ದರು, ಸ್ವಲ್ಪ ಹೊತ್ತು ಹಣೆ ಊರಿ ನಿಲ್ಲುತ್ತಿದ್ದರು, ಪರದೆ ಬಿಡುತ್ತಿದ್ದರು. ಆಮೇಲೆ ಮೊದಲಿನ ಜೋರು ದನಿಯಲ್ಲಿ ಹಾಲಿನವನನ್ನು ಬೈಯುತ್ತಿದ್ದರು.

"ಮಗಳ ಹೆಸರಿಗಿ ಕುಂಕುಮ ಹಚ್ಚತಾಳ" ಎಂದು ಓಣಿಯವರು ನನಗೆ ಹೇಳಿದರು. ಹೇಳುವಾಗ ದನಿ ತಗ್ಗಿಸಿದರು.

ನಮ್ಮ ಕಡೆ ಲಗ್ನ ಗೊತ್ತಾಯಿತೆಂದರೆ ಹಂದರದವನಿಗಿಂತ ಮೊದಲು ಪೇಂಟರ್ ಬರುತ್ತಾನೆ. ಗೋಡೆಯ ಮೇಲೆ ಕಳಸ ಬರೆಯುತ್ತಾನೆ, ಎರಡು ಕಡೆ ಗಿಳಿ ಕೂಡಿಸುತ್ತಾನೆ, ಕೆಂಪು ಹಸಿರು ಆಯಿಲ್ ಪೇಂಟಿನಲ್ಲಿ ಶುಭ ವಿವಾಹ ಎಂದು ಬರೆದು ವರ-ವಧುವಿನ ಹೆಸರು ಬಿಡಿಸುತ್ತಾನೆ. ಲಗ್ನ ಮುಗಿದ ಮೇಲೂ ಯಾರೂ ಅದನ್ನು ಅಳಿಸುವುದಿಲ್ಲ. ಬಿಸಿಲಿಗೆ ಮಾಸಿ ತಾನಾಗಿ ಹೋಗುವವರೆಗೆ ಇರುತ್ತದೆ. ಕಾಕು ಮಗಳ ಲಗ್ನದಲ್ಲಿ ಮಳೆಯ ಭಯಕ್ಕೆ ಅದನ್ನು ಒಳಗೆ ಪಡಸಾಲೆಯಲ್ಲೇ ಬರೆಸಿದ್ದರಂತೆ. ಹೀಗಾಗಿ ಅದು ಮಾಸಲಿಲ್ಲ. ಮಾಸುವ ಮೊದಲೇ ಮಗಳು ಹೋದಳು. ಗಡಿಯಾಚೆ ಕೊಟ್ಟಿದ್ದರು. ಸ್ಟೋವ್ ಸಿಡಿಯಿತು ಎಂದು ಸುದ್ದಿ ಬಂತು. ಇವರು ಹೋಗಿ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು... ಸ್ಟೋವು ಸಿಡಿದ ಮನೆಯಲ್ಲಿ ಗೋಡೆಗೆ ಮಸಿ ಕೂಡ ಹತ್ತಿರಲಿಲ್ಲವಂತೆ. ಅದನ್ನು ಕೇಳುವವರು ಯಾರು? ವರ್ಷ ತುಂಬುವುದರೊಳಗೆ ಅಳಿಯ ಬೇರೆ ಲಗ್ನವಾದ.

ಹೋದ ಮಗಳ ಹೆಸರು ಕಣ್ಣೆದುರಿಗೆ ಇರಬಾರದೆಂದು ಕಾಕುವಿನ ಗಂಡ, ಕಾಕಾ, ಆ ಗೋಡೆಗೆ ಸುಣ್ಣ ಹೊಡೆಸಿದರು. ಆಯಿಲ್ ಪೇಂಟಿನ ಮೇಲೆ ಸುಣ್ಣ ಎಲ್ಲಿ ನಿಲ್ಲಬೇಕು? ಒಣಗಿ ಹಪ್ಪಳದಂತೆ ಎದ್ದು ಒಂದು ಮೂಲೆಯಲ್ಲಿ ಉದುರಿತು. ಅಕ್ಷರದ ಒಂದೆರಡು ಕೆಂಪು ಗೀರು ಹೊರಬಿದ್ದವು. ಪ್ರತಿ ದೀಪಾವಳಿಗೆ ಮತ್ತೆ ಸುಣ್ಣ, ಮತ್ತೆ ಅದೇ ಮೂಲೆಯಲ್ಲಿ ಅದೇ ಗೀರು. "ಮಗಳು ತಿರಿಗಿ ತಿರಿಗಿ ಬರತಾಳ" ಎಂದು ಕಾಕು ನಂಬಿದರು. ಆ ಗೀರುಗಳಿಗೆ ಕುಂಕುಮ ಹಚ್ಚತೊಡಗಿದರು. ಮುತ್ತೈದೆಯಾಗಿ ಹೋದವಳಲ್ಲವೇ. ಕಾಕಾ ಆಮೇಲೆ ಏನೂ ಅನ್ನದೆ ಅಲ್ಲಿ ಪರದೆ ಕಟ್ಟಿಕೊಟ್ಟರು.

ತೊಂಬತ್ತರ ದಶಕ ಶುರುವಾದ ಮೇಲೆ ಕಾಕು ಮಗನಿಗೆ ರಾಯಬಾಗದ ಕಡೆ ಹೆಣ್ಣು ಗೊತ್ತಾಯಿತು. ಮನೆ ನೋಡಲು ಬೀಗರು ಬರುವವರಿದ್ದರು. ಆಗ ಆ ಗೋಡೆಯ ಮಾತು ಎದ್ದಿತು. ಒಂದು ಮಧ್ಯಾಹ್ನ ನಾನು ಹಿಟ್ಟು ಸೋಸುವ ಸಾಣಿಗೆ ಕೇಳಲು ಹೋದಾಗ ಗಂಡ ಹೆಂಡತಿ ಅದನ್ನೇ ಮಾತಾಡುತ್ತಿದ್ದರು.

"ಗೌಂಡಿನ್ನ ಕರಸ್ತೀನಿ. ಅಷ್ಟೂ ಗಿಲಾವ ಕೆತ್ತಿಸಿ ಹೊಸಾದ ಮಾಡಸ್ತೀನಿ. ಹೊಸಾ ಸೊಸಿ ಬರೂ ಮನಿ ಇದು" ಎಂದರು ಕಾಕಾ.

"ಆ ಗ್ವಾಡಿಗಿ ಕಬ್ಬಿಣಾ ತಾಗಿಸಿದ್ರ ನಾ ಈ ಮನ್ಯಾಗ ಇರೂದಿಲ್ಲ. ನಿಮ್ಮ ಹೊಸಾ ಸೊಸಿಗೆ ನೀವ ಅಡಗಿ ಮಾಡಿ ಹಾಕ್ರಿ."

"ಹಂಗಾದ್ರ ಏನ ಮಾಡೂನು? ಪರದೆ ಎತ್ತಿ ಇದೇನಂತ ಬೀಗರು ಕೇಳಿದ್ರ?"

ಕಾಕು ಪರದೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮಿರಜ್ಯಾಗ ಕಣ್ಣಿನ ಡಾಕ್ಟರ ಖೋಲಿ ನೋಡಿದ್ದೆ ತಂಗಿ. ಗ್ವಾಡಿಗೆ ಕಾಗದಾ ಹಚ್ಚಿದ್ರು, ಹೂವಿಂದು. ಅರಬಿ ಹೊದಿಸಿಧಂಗ ಕಾಣತಿತ್ತು. ಹಂತಾದು ಹಚ್ಚೂನು. ಮುಚ್ಚಿಧಂಗೂ ಆಗತೈತಿ, ಕೆಡಿಸಿಧಂಗೂ ಆಗೂದಿಲ್ಲ. ನಿನಗ ಅಳತಿ ತಗೊಳ್ಳಾಕ ಬರತೈತಿ, ನೀ ಬಾ ನನ್ನ ಕೂಡ."

ಕಾಕಾ ಹೆಂಡತಿಯ ಮುಖ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದ ಹಾಗೆ ನನಗೆ ಅನಿಸಿತು. ಚಪ್ಪಲಿ ಮೆಟ್ಟಿಕೊಂಡು ಕಬ್ಬಿನ ಹೊಲಕ್ಕೆ ಹೋದರು.

ಕುಪ್ಪಸದ ಟೇಪಿನಿಂದ ನಾನು ಗೋಡೆಯ ಅಗಲ ಎತ್ತರ ಅಳೆದೆ. ಮರುದಿನ ಇಬ್ಬರೂ ನಿಪ್ಪಾಣಿಯ ಬಸ್ಸು ಹತ್ತಿದೆವು. ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ತಂಬಾಕಿನ ಘಾಟಿಗೆ ನಾನು ಸೀನತೊಡಗಿದೆ. ಕಾಕು ಮಾತ್ರ ಉದ್ದಕ್ಕೆ ಉಸಿರೆಳೆದುಕೊಂಡು, "ಏನ ಚೊಲೋ ಊರಬೇ ಇದು" ಎಂದರು. ಬಣ್ಣ ಮತ್ತು ಕಬ್ಬಿಣದ ಸಾಮಾನಿನ ಒಂದು ದೊಡ್ಡ ಅಂಗಡಿಯಲ್ಲಿ ಗೋಡೆ ಕಾಗದವೂ ಇದೆಯೆಂದು ಯಾರೋ ತೋರಿಸಿದರು. ಅಂಗಡಿಯವ ಮಾತನ್ನು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವ ಮನುಷ್ಯ. "ಯಾ ಕಾಕು, ಬಸಾ" ಎಂದು ಸ್ಟೂಲು ಕೊಟ್ಟು, ನಮೂನೆಗಳ ದಪ್ಪ ಪುಸ್ತಕವನ್ನು ತೊಡೆಯ ಮೇಲೆ ಇಟ್ಟ.

ಮೊದಲ ಹಾಳೆಯಲ್ಲಿ ಹಿಮದ ಗುಡ್ಡ, ಅದರ ಕೆಳಗೆ ಕೆರೆ. ಕಾಕು ಕಣ್ಣು ಕಿರಿದು ಮಾಡಿ ನೋಡಿದರು. "ಇಷ್ಟ ಹುಲ್ಲ ಐತಿ, ಒಂದ ಎಮ್ಮಿ ಕಾಣವಲ್ದು. ಎಂಥಾ ಊರೋ ಏನೋ. ಮುಂದಿಂದ ತಗಿ."

ಮುಂದಿನದರಲ್ಲಿ ಕೆಂಪು ಇಟ್ಟಿಗೆಯ ಗೋಡೆಯ ಚಿತ್ರ. "ಇದು ಲೇಟೆಸ್ಟ್ ಐತ್ರಿ ಕಾಕು. ಪುಣೆದಾಗ ಎಲ್ಲಾರೂ ಹಚ್ಚಾಕತ್ಯಾರ" ಎಂದ ಅಂಗಡಿಯವ.

"ಇಟ್ಟಂಗಿ ಕಾಣಬಾರದಂತ ಗಿಲಾವ ಮಾಡಸ್ತೀವಿ. ಗಿಲಾವದ ಮ್ಯಾಲ ಮತ್ತ ಇಟ್ಟಂಗಿ ಹಚ್ಚೂದನ? ಪುಣೆ ಮಂದಿಗೆ ಕೆಲಸಾ ಇಲ್ಲೇನಪಾ?"

ಅಂಗಡಿಯವ ನಕ್ಕು ಹಾಳೆ ತಿರುವುತ್ತ ಹೋದ. ದೊಡ್ಡ ಗುಲಾಬಿಗಳನ್ನು ಕಾಕು ಒಲ್ಲೆ ಅಂದರು. ಪಟ್ಟೆ ಪಟ್ಟೆಯದು ಆಸ್ಪತ್ರೆಯ ಹಾಸಿಗೆಯ ಹಾಗಿದೆ ಅಂದರು. ಕೊನೆಗೆ ಕೆನೆ ಬಣ್ಣದ ಒಂದು ಹಾಳೆಯ ಮೇಲೆ ಅವರ ಬೆರಳು ನಿಂತಿತು. ಸಣ್ಣ ಬಳ್ಳಿ, ಅಲ್ಲಲ್ಲಿ ಅಗಸೆ ಹೂವಿನಷ್ಟು ಚಿಕ್ಕ ನೀಲಿ ಹೂ. ಅದನ್ನು ಎರಡು ಬೆರಳ ನಡುವೆ ಹಿಡಿದು, ಸೀರೆ ಕೊಳ್ಳುವಾಗ ನೋಡುವ ಹಾಗೆ ತಿಕ್ಕಿ ನೋಡಿದರು.

"ಇದನ್ನ ಹಚ್ಚಿದ ಮ್ಯಾಲ ಬ್ಯಾಡಾತು ಅಂತ ತಗದ್ರ, ತೆಳಗಿನ ಬಣ್ಣಾ ಉಳೀತೈತಿ?"

ಅಂಗಡಿಯವನಿಗೆ ಅರ್ಥವಾಗಲಿಲ್ಲ. "ಎಲ್ಲಾರೂ ಏಳಬಾರದು ಅಂತ ಕೇಳತಾರ್ರಿ. ನೀವು ತಗಿಯೂದ ಕೇಳತೀರಿ!"

"ನಾ ಕೇಳಿದ್ದಕ್ಕ ಹೇಳ."

"ಬಿಸಿ ನೀರ ಹಚ್ಚಿ ನೆನಸಿ ಸಾವಕಾಶ ಬಿಡಿಸಿದ್ರ ಉಳೀತೈತ್ರಿ. ಆಯಿಲ್ ಪೇಂಟ್ ಇದ್ರ ಏನೂ ಆಗೂದಿಲ್ಲ. ಖರೆ ಒಂದ ಮಾತ ಲಕ್ಷ್ಯಾ ಇರಲಿ. ಗ್ವಾಡಿ ಮ್ಯಾಲ ಸುಣ್ಣ ಇದ್ರ ಅಷ್ಟೂ ಕೆರದ ತಗೀಬೇಕ. ಸುಣ್ಣದ ಮ್ಯಾಲ ಹಚ್ಚಿದ್ರಿ ಅಂದ್ರ ಸುಣ್ಣಾ ಹಿಡಕೊಂಡ ಕಾಗದಾನೂ ಕೆಳಗ ಬರತೈತಿ."

ಕಾಕುವಿನ ಕೈ ಹಾಳೆಯ ಮೇಲೆ ಹಾಗೇ ಇತ್ತು. ಮುಚ್ಚುವುದಕ್ಕೆ ಮೊದಲು ಪೂರ್ತಿ ತೆರೆಯಬೇಕು ಎಂಬುದು ಅವರಿಗೆ ಆಗ ಹೊಳೆಯಿತೆಂದು ಕಾಣುತ್ತದೆ. "ಕೆರೀತೀವಿ" ಎಂದರು, ಸಣ್ಣ ದನಿಯಲ್ಲಿ.

ಬೇಕಾಗುವ ಸಾಮಾನನ್ನು ಅಂಗಡಿಯವ ಬೆರಳು ಮಡಚುತ್ತ ಹೇಳಿದ. ಅಂಟು ಬಳಿಯಲು ಅಗಲದ ಬ್ರಶ್ಶು, ಒತ್ತಲು ಮೆದು ಬ್ರಶ್ಶು, ಅಂಚು ಕೊಯ್ಯಲು ಚಾಕು, ಜೋಡಿನ ಮೇಲೆ ಉರುಳಿಸಲು ಒಂದು ಸಣ್ಣ ರೋಲರು, ಹಾಳೆ ನೆಟ್ಟಗೆ ಇಳಿಸಲು ಗೌಂಡಿಯ ತೂಗುಗುಂಡು. ಪ್ರತಿಯೊಂದಕ್ಕೂ ಕಾಕು, "ಅದಕ ಮನ್ಯಾಗ ಐತಿ" ಎಂದರು. ಇದ್ದವೂ ಹೌದು. ಸುಣ್ಣ ಬಳಿಯುವ ಬ್ರಶ್ಶನ್ನು ಎರಡು ದಿನ ನೀರಿನಲ್ಲಿ ನೆನೆಹಾಕಿ ಅಂಟಿಗೆ ಮಾಡಿಕೊಂಡೆವು. ಒತ್ತಲು ಕಾಕಾನ ಹಳೆಯ ಧೋತರದ ಮೆತ್ತನೆಯ ಉಂಡೆ. ಜೋಡಿಗೆ ಚಪಾತಿಯ ಲಟ್ಟಣಿಗೆ. ಕತ್ತರಿ ನನ್ನದು, ಕೊಯ್ಯಲು ಗಡ್ಡದ ಬ್ಲೇಡು. ಹಿತ್ತಾಳೆಯ ಬೀಗವನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟರೆ ಅದೇ ಗುಂಡು. ಮೈಲುತುತ್ತ ಮಾತ್ರ ನಾನು ತವರಿನಿಂದ ತಂದೆ. ದ್ರಾಕ್ಷಿ ಬಳ್ಳಿಗೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಿದ್ದುದರಿಂದ ಅಣ್ಣನ ಮನೆಯಲ್ಲಿ ಅದರ ಚೀಲವೇ ಇರುತ್ತಿತ್ತು.

ಕೆರೆಯುವ ದಿನ ಕಾಕಾ ಹೊಲದಲ್ಲಿದ್ದರು, ಮಗ ಪೇಟೆಗೆ ಹೋಗಿದ್ದ. ಪಡಸಾಲೆಯಲ್ಲಿ ನಾವಿಬ್ಬರೇ. ಪರದೆಯನ್ನು ಬಿಚ್ಚಿ ಮಡಚಿಟ್ಟಾಗ ಆ ಗೋಡೆಯನ್ನು ನಾನು ಮೊದಲ ಸಲ ನೋಡಿದೆ. ಉದ್ದಕ್ಕೂ ಬಿಳಿ, ಎಡದ ಮೂಲೆಯಲ್ಲಿ ಮಾತ್ರ ಅಂಗೈಯಗಲ ಜಾಗ ಕಪ್ಪು ಕೆಂಪಾಗಿ, ದಿನದಿನದ ಕುಂಕುಮ ಗಟ್ಟಿಯಾಗಿ ಗಾಯದ ಹಕ್ಕಳೆಯ ಹಾಗೆ ಕೂತಿತ್ತು. ಯಾವ ಅಕ್ಷರವೆಂದು ಗುರುತು ಹತ್ತುವಂತಿರಲಿಲ್ಲ. ಕಬ್ಬಿಣ ತಾಗಿಸಬಾರದು ಎಂದು ಕಾಕು ತೆಂಗಿನ ಚಿಪ್ಪು ತಂದಿದ್ದರು. ಅವರು ಚಿಪ್ಪಿನಿಂದ ಕೆರೆದಂತೆ ನಾನು ಹಸಿ ಅರಿವೆಯಿಂದ ಒರೆಸುತ್ತ ಹೋದೆ. ಸುಣ್ಣ ಪದರು ಪದರಾಗಿ ಏಳುತ್ತಿತ್ತು. ಮೊದಲು ಗಿಳಿಯ ಹಸಿರು ಬಾಲ ಬಂತು. ಆಮೇಲೆ ಕಳಸ. ಇಷ್ಟು ವರ್ಷ ಬೆಳಕನ್ನೇ ಕಾಣದೆ ಇದ್ದುದರಿಂದ ಬಣ್ಣ ನಿನ್ನೆ ಹಚ್ಚಿದ ಹಾಗಿತ್ತು... ಹಂದರ ಹಾಕಿದೆ, ಒಳಗೆ ಮದುಮಗಳು ತಲೆ ಬಾಚಿಕೊಳ್ಳುತ್ತಿದ್ದಾಳೆ, ಇನ್ನೇನು ಹೊರಗೆ ಬರುತ್ತಾಳೆ ಅನ್ನುವ ಹಾಗೆ ಇತ್ತು.

ಕೊನೆಗೆ ಎಡದ ಮೂಲೆಯ ಕುಂಕುಮದ ಹಕ್ಕಳೆಯನ್ನು ಕಾಕು ತಾವೇ ನೆನೆಸಿ ಒರೆಸಿದರು. ಸೆರಗಿನಿಂದ ಕೈ ಒರೆಸಿಕೊಂಡು ಹಿಂದೆ ಸರಿದು ನಿಂತರು.

"ಓದ ತಂಗಿ. ಜೋರಲೆ ಓದ. ಅಕಿ ಹೆಸರ ಈ ಮನ್ಯಾಗ ಯಾರೂ ತಗದಿಲ್ಲ, ಹೋದಾಗಿಂದ."

ಕಾಕುಗೆ ಓದು ಬರುತ್ತಿರಲಿಲ್ಲ. ನಾನು ಎಡದಿಂದ ಬೆರಳಿಟ್ಟು ಓದತೊಡಗಿದೆ. ಚಿರಂಜೀವಿ ಎಂದು ಇತ್ತು, ಆಮೇಲೆ ಒಂದು ಗಂಡಸಿನ ಹೆಸರು.

"ಅದಲ್ಲಬೇ. ಮೊದಲಿಂದ ಓದ."

"ಮೊದಲಿಂದನ ಓದಾಕತ್ತೇನ್ರಿ ಕಾಕು."

"ಇದನ್ನ ಓದ, ಇದನ್ನ" ಎಂದು ಅವರು ಬಂದು ಎಡದ ಮೂಲೆಯ ಮೇಲೆ ಬೆರಳಿಟ್ಟರು. ದಿನಾ ಇಡುತ್ತಿದ್ದ ಬೆರಳು, ದಿನಾ ಇಡುತ್ತಿದ್ದ ಜಾಗ.

ನಾನು ಓದಲಿಲ್ಲ. ಓದುವ ಅಗತ್ಯವೂ ಉಳಿಯಲಿಲ್ಲ. ನನ್ನ ಮುಖದಲ್ಲಿಯೇ ಅವರು ಓದಿಕೊಂಡರು. ಅವರ ಬೆರಳು ಇದ್ದದ್ದು ಅಳಿಯನ ಹೆಸರಿನ ಮೇಲೆ. ಮಗಳ ಹೆಸರು ಕಳಸದ ಬಲಕ್ಕೆ ಇತ್ತು. ಅವಳು ಒಂದು ಸಲವೂ ಸುಣ್ಣದಿಂದ ಹೊರಗೆ ಬಂದಿರಲೇ ಇಲ್ಲ. ಮೊದಲ ಸಲ ತಾನಾಗಿ ಎದ್ದ ಎಡದ ಮೂಲೆಗೆ ಆಮೇಲೆ ದಿನಾ ಕಾಕುವಿನ ಒದ್ದೆ ಬೆರಳು ತಾಗಿ ತಾಗಿ ಅಲ್ಲಿ ಮಾತ್ರ ಸುಣ್ಣ ನಿಲ್ಲುತ್ತಿರಲಿಲ್ಲ. ಪ್ರತಿ ವರ್ಷ ತಿರುಗಿ ತಿರುಗಿ ಬರುತ್ತಿದ್ದವನು ಅವನು.

"ನಮ್ಮ ಮನಿ ಲಗ್ನ" ಎಂದರು ಕಾಕು, ತಮಗೇ ಹೇಳಿಕೊಳ್ಳುವ ಹಾಗೆ. "ನಮ್ಮ ಮಗಳ ಹೆಸರ ಮೊದಲ ಇರತೈತಿ ಅಂತ ತಿಳದಿದ್ದೆ..."

ಕಾಕಾ ಯಾವಾಗ ಬಂದರೋ ಗೊತ್ತಿಲ್ಲ. ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲಿ ನಿಂತಿದ್ದರು. ಗೋಡೆ ನೋಡಿದರು, ಹೆಂಡತಿಯ ಬೆರಳು ನೋಡಿದರು.

"ನಿಮಗ ಗೊತ್ತಿತ್ತನ್ರಿ?" ಎಂದು ಕಾಕು ಕೇಳಿದರು. ದನಿ ಏರಿಸಲಿಲ್ಲ.

"ಗೊತ್ತಿತ್ತು."

"ಮತ್ತ ಹೇಳಲಿಲ್ಲ."

"ನೀ ಅಲ್ಲೆ ಹಣಿ ಹಚ್ಚಿ ನಿಂತಿದ್ದಿ. ಮಗಳ ಕೂಡ ಮಾತಾಡಾಕತ್ತಿದ್ದಿ. ಹೆಂಗ ಹೇಳಲಿ?" ಕಾಕಾ ಹೊಸ್ತಿಲ ಮೇಲೆಯೇ ಕೂತರು. "ದಿನಾ ಹೇಳಬೇಕಂತನ ಏಳತಿದ್ದೆ. ಅದಕ್ಕ ಕೆತ್ತಸ್ತೀನಿ ಅಂದದ್ದು. ಅಂವನ ಹೆಸರಿಗಿ ನೀ ಕುಂಕುಮ ಹಚ್ಚೂದ ನೋಡಿ ನೋಡಿ... ನನಗ ಸಾಕಾಗೇತಿ."

ಕಾಕು ಆಗ ನಕ್ಕರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಮಿಶ್ರಿಯ ಕಪ್ಪು ಹಲ್ಲು ಕಾಣುವ ಹಾಗೆ ಪೂರಾ ಬಾಯಿ ತೆರೆದು ನಕ್ಕರು. "ಅದಕ್ಕಬೇ ತಂಗಿ ಅಂವ ಹಂಗ ಗಟ್ಟಿಮುಟ್ಟಾಗಿ ಅದಾನ! ಎರಡ ಗಂಡಸ ಮಕ್ಕಳಂತ ಈಗ. ನನ್ನ ಕುಂಕುಮಾ ಉಂಡ ಬೆಳದಾನ!"

ನಗು ನಿಂತ ಮೇಲೆ ಒಳಗೆ ಹೋದರು. ಬರುವಾಗ ಕೈಯಲ್ಲಿ ಕಳೆ ಕೀಳುವ ಖುರಪಿ ಇತ್ತು. ಆ ಗೋಡೆಗೆ ಕಬ್ಬಿಣ ತಾಗಿಸಬಾರದು ಎಂದಿದ್ದವರು ಅವರೇ. ಎಡದ ಹೆಸರಿನ ಮೊದಲ ಅಕ್ಷರಕ್ಕೆ ಖುರಪಿಯ ಮೊನೆ ಊರಿ ಕುಟ್ಟತೊಡಗಿದರು. ಬಣ್ಣ ಹೋಯಿತು, ಗಿಲಾವು ಉದುರಿತು, ಕೆಳಗಿನ ಮಣ್ಣು ಬಂತು, ಅವರು ಬಿಡಲಿಲ್ಲ. ತಡೆಯಲು ಎದ್ದ ನನ್ನನ್ನು ಕಾಕಾ ಕಣ್ಣಿನಲ್ಲೇ ಬೇಡ ಎಂದರು. ಒಂದು ಗೇಣಿನಷ್ಟು ಉದ್ದ, ಮುಷ್ಟಿ ಹಿಡಿಯುವಷ್ಟು ಆಳ ತಗ್ಗು ಬಿದ್ದ ಮೇಲೆ ಖುರಪಿ ಕೆಳಗಿಟ್ಟು, ಕಳಸದ ಬಲಕ್ಕೆ ಬಂದು ನಿಂತರು. ಮಗಳ ಹೆಸರಿನ ಮೇಲೆ ಮೊದಲ ಸಲ ಅಂಗೈ ಇಟ್ಟರು. ಕುಂಕುಮ ಹಚ್ಚಲಿಲ್ಲ.

"ತಂಪ ಐತಿ" ಎಂದರು. ಅಷ್ಟೇ.

ತಗ್ಗಿಗೆ ಸಿಮೆಂಟ್ ತುಂಬಿ ಆಮೇಲೆ ಕಾಗದ ಹಚ್ಚೋಣ ಎಂದು ನಾನು ಹೇಳಿ ನೋಡಿದೆ. ಕಾಕು ಒಪ್ಪಲಿಲ್ಲ. ಅವನಿದ್ದ ಜಾಗದಲ್ಲಿ ಏನೂ ಇರಬಾರದು, ಸಿಮೆಂಟೂ ಇರಬಾರದು ಎಂದರು.

ಮರುದಿನ ಅಂಟು ಕುದಿಸಿದೆವು. ನಾನು ಸೌಟು ತಿರುವುತ್ತಿದ್ದರೆ ಅವರು ಬೆನ್ನ ಹಿಂದೆ ನಿಂತು ಗಂಟಾಗದಂತೆ ನೋಡಿಕೊಳ್ಳುತ್ತಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಅದರ ಮೇಲೆ ಕಾಗದವನ್ನು ಮಗುಚಿ ಹಾಕಿ, ಎತ್ತರಕ್ಕಿಂತ ಸ್ವಲ್ಪ ಜಾಸ್ತಿಯೇ ಬಿಟ್ಟು ಕತ್ತರಿಸಿದೆ. ಬೀಗ ಕಟ್ಟಿದ ದಾರವನ್ನು ನಿಚ್ಚಣಿಕೆಯ ಮೇಲಿಂದ ಕಾಕಾ ಹಿಡಿದರು. ದಾರ ಅಲುಗದೆ ನಿಂತಾಗ ಅದರ ಗುಂಟ ಪೆನ್ಸಿಲ್ ಎಳೆದೆ. ನೋಡಿದರೆ ಗೋಡೆಯೇ ಓರೆಯಾಗಿತ್ತು. "ಮನಿ ಕಟ್ಟಿದಾಂವ ಕುಡದಿದ್ದ" ಎಂದರು ಕಾಕಾ. ಯಾರೂ ನಗಲಿಲ್ಲ. ಅಂಟು ಬಳಿದ ಹಾಳೆಯನ್ನು ಸ್ವಲ್ಪ ಹೊತ್ತು ಮಡಚಿಟ್ಟು ನೆನೆಯಲು ಬಿಟ್ಟು, ಮೇಲಿನಿಂದ ಇಳಿಬಿಟ್ಟು, ನಡುವಿನಿಂದ ಅಂಚಿಗೆ ಧೋತರದ ಉಂಡೆಯಿಂದ ಗಾಳಿ ಸರಿಸುತ್ತ ಬಂದೆವು. ಬಳ್ಳಿಗೆ ಬಳ್ಳಿ ಕೂಡಿಸಿ ಜೋಡಿನ ಮೇಲೆ ಲಟ್ಟಣಿಗೆ ಉರುಳಿಸಿದೆವು.

ಮಗಳ ಹೆಸರಿನ ಮೇಲೆ ಬಂದ ಹಾಳೆ ಹಸಿಯಾಗಿದ್ದಾಗ, ತೆಳುವಾದ ಕೆನೆ ಬಣ್ಣದ ಒಳಗಿನಿಂದ ಕೆಂಪು ಅಕ್ಷರಗಳು ತೇಲಿ ಬಂದವು. ನೀರಿನ ತಳದಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ. ನಾನು ಗಾಬರಿಯಾಗಿ ಕಾಕುವನ್ನು ನೋಡಿದೆ. ಅವರು ಅಂಟಿನ ಕೈ ತೊಳೆಯದೆ ಗೋಡೆಯ ಮುಂದೆ ಕೂತುಬಿಟ್ಟರು. ಕಾಗದ ಮೇಲಿನಿಂದ ಒಣಗುತ್ತ ಬಂತು. ಒಂದೊಂದೇ ಅಕ್ಷರ ಮಸುಕಾಯಿತು, ಆಮೇಲೆ ಬಳ್ಳಿಯೊಳಗೆ ಸೇರಿತು. ಎಮ್ಮೆ ಹಿಂಡುವ ಹೊತ್ತಾದರೂ ಅವರು ಏಳಲಿಲ್ಲ. ಕೊನೆಯ ಗೀರು ಹೋದಾಗ, "ಹೋದಳು" ಎಂದರು. ಬಸ್ಸಿಗೆ ಕಳಿಸಿ ಬಂದ ತಾಯಿ ಹೇಳುವ ಹಾಗೆ.

ಬೀಗರು ಬಂದರು. ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಅವರಲ್ಲಿ ಒಬ್ಬ ಹಿರಿಯ ಮೂಗು ಅರಳಿಸಿ, "ಏನ್ರಿ, ಹೂವಿನ ಕಾಗದಾ ತಂಬಾಕದ ವಾಸನಿ ಹೊಡ್ಯಾಕತ್ತೈತಲ್ಲ" ಎಂದಾಗ ಕಾಕು, "ನಿಪ್ಪಾಣಿ ಹೂ ಅವು, ಹಂಗ ನಾರತಾವ" ಎಂದರು. ಎಲ್ಲರೂ ನಕ್ಕರು. ಲಗ್ನ ಸುಸೂತ್ರವಾಗಿ ಆಯಿತು.

ಆದರೆ ಆ ತಗ್ಗು ಇತ್ತಲ್ಲ. ಅದರ ಮೇಲೆ ಕಾಗದ ಬಾರಿಸುವ ಹಲಗೆಯ ಚರ್ಮದ ಹಾಗೆ ಬಿಗಿದು ನಿಂತಿತ್ತು. ಹೊರಬಾಗಿಲು ತೆಗೆದರೆ ಅಲ್ಲಿ ಕಾಗದ ಒಳಕ್ಕೆ ಹೋಗುತ್ತಿತ್ತು, ಮುಚ್ಚಿದರೆ ಹೊರಕ್ಕೆ ಉಬ್ಬುತ್ತಿತ್ತು. ಮಳೆಗಾಲದ ಗಾಳಿಗೆ ಸುಮ್ಮನೇ ಏರಿಳಿಯುತ್ತಿತ್ತು. ಹೊಸ ಸೊಸೆ ಒಂದು ದಿನ ನನ್ನ ಕಟ್ಟೆಗೆ ಓಡಿ ಬಂದಳು. "ಅಕ್ಕಾರ, ಗ್ವಾಡಿ ಉಸರಾಡತೈತ್ರಿ. ಅತ್ತಿ ನೋಡಿದ್ರ ದಿನಾ ಅದರ ಮುಂದ ಹೋಗಿ ನಿಂದರತಾರ. ನನಗ ಒಬ್ಬಾಕಿಗೆ ಪಡಸಾಲ್ಯಾಗ ಕುಂಡ್ರಾಕ ಅಂಜಿಕಿ ಬರತೈತಿ." ಹಳೆಯ ಮನೆ, ಗಿಲಾವು ಬಿದ್ದಿದೆ ಎಂದು ಸಮಾಧಾನ ಹೇಳಿ ಕಳಿಸಿದೆ.

ಕಾಕು ನಿಲ್ಲುತ್ತಿದ್ದುದು ನಿಜ. ನನ್ನ ಬಾಗಿಲಿನಿಂದ ಮತ್ತೆ ಅದೇ ಬೆನ್ನು ಕಾಣುತ್ತಿತ್ತು. ಬಳ್ಳಿ, ಹೂ ಎಲ್ಲ ಕಡೆ ಒಂದೇ ಥರ. ಮಗಳು ಎಲ್ಲಿದ್ದಾಳೆಂದು ಗುರುತು ಹಿಡಿಯುವುದು ಹೇಗೆ? ಅವರು ಮೊದಲು ಆ ಏರಿಳಿಯುವ ಜಾಗವನ್ನು ಬೆರಳ ತುದಿಯಿಂದ ಹುಡುಕುತ್ತಿದ್ದರು. ಅಲ್ಲಿಂದ ಬಲಕ್ಕೆ ಗೇಣು ಹಾಕುತ್ತ ಹೋಗಿ ಒಂದು ಕಡೆ ಅಂಗೈ ಊರುತ್ತಿದ್ದರು. ಸರಿಯಾಗಿ ಅಲ್ಲಿಯೇ. ಮಗಳ ಹತ್ತಿರ ಹೋಗಲು ಅವರಿಗೆ ಅವನ ತಗ್ಗಿನ ಮೇಲಿಂದಲೇ ದಾರಿ ಇತ್ತು. ಒಮ್ಮೆ ನಾನು ಅದನ್ನೇ ಕೇಳಿದೆ. "ಏನ ಮಾಡಲಿ ತಂಗಿ, ಅಕಿನ್ನ ಕೊಟ್ಟ ಹಾದಿನ ಅದು" ಎಂದರು.

ಆ ದಶಕ ಮುಗಿಯುವುದರೊಳಗೆ ಕಾಕು ಹೋದರು. ಬೆಚ್ಚಗೆ ಜ್ವರ ಬಂದು, ಹೆಚ್ಚು ದಿನ ಹಾಸಿಗೆ ಹಿಡಿಯದೆ. ಕೊನೆಯ ದಿನ ಹಾಸಿಗೆಯನ್ನು ಪಡಸಾಲೆಯಲ್ಲೇ ಹಾಕಿದ್ದರು. ಬಿಸಿ ನೀರು ಹಚ್ಚಿ ಕಾಗದ ಬಿಡಿಸಲೇ ಎಂದು ಕಾಕಾ ಕಿವಿಯಲ್ಲಿ ಕೇಳಿದರು. ಅವರು ತಲೆ ಅಲ್ಲಾಡಿಸಿದರು. ಹೌದೆಂದೋ ಬೇಡವೆಂದೋ ನಮಗೆ ಯಾರಿಗೂ ತಿಳಿಯಲಿಲ್ಲ... ಮುಂದೆ ನಾವು ಚಿಕ್ಕೋಡಿ ಬಿಟ್ಟೆವು. ಕಾಕಾ ಹೋದ ಸುದ್ದಿ ತಡವಾಗಿ ಗೊತ್ತಾಯಿತು. ಮಗ ಸೊಸೆ ಹೊಲದಲ್ಲಿ ಹೊಸ ಮನೆ ಕಟ್ಟಿಕೊಂಡು ಓಣಿಯ ಮನೆ ಮಾರಿದರು.

ಅವತ್ತು ಕಪಾಟಿನ ಕಾಗದ ಅರ್ಧಕ್ಕೆ ಬಿಟ್ಟೆ. ಎರಡು ದಿನ ಕಳೆದ ಮೇಲೆ ಚಿಕ್ಕೋಡಿಯಲ್ಲಿ ಒಬ್ಬ ಬಸುರಿಯ ಕುಪ್ಪಸದ ಶಾಸ್ತ್ರವಿತ್ತು, ಹೋಗಲೇಬೇಕೆಂದಿರಲಿಲ್ಲ, ಹೋದೆ. ಓಣಿಗೂ ಹೋದೆ. ಕಾಕುವಿನ ಮನೆ ಈಗ ಗೊಬ್ಬರ ಮತ್ತು ಬೀಜದ ಅಂಗಡಿ. ಪಡಸಾಲೆಯಲ್ಲಿ ಚೀಲಗಳ ರಾಶಿ. ಗೋಡೆ ಉದ್ದಕ್ಕೂ ತಿಳಿ ಹಸಿರು ಬಣ್ಣ. ಕಾಗದವನ್ನು ಕಿತ್ತು ಬಣ್ಣ ಹಚ್ಚಿದರೋ, ಕಾಗದದ ಮೇಲೆಯೇ ಹಚ್ಚಿದರೋ, ಒಳಗೆ ಹೆಸರು ಇದೆಯೋ ಇಲ್ಲವೋ ಹೇಳುವಂತಿಲ್ಲ.

ನಾನು ಗೋಡೆಯ ಎಡಕ್ಕೆ ಹೋಗಿ ಬೆರಳಾಡಿಸಿದೆ. ಎಲ್ಲ ಕಡೆ ನುಣುಪು. ಯಾರೋ ತಿಳಿದವರು ಆ ತಗ್ಗಿಗೆ ಸಿಮೆಂಟ್ ತುಂಬಿ ಚೆನ್ನಾಗಿ ಉಜ್ಜಿದ್ದಾರೆ. ಗೇಣು ಹಾಕಲು ಕೈ ಚಾಚಿದೆ, ಆದರೆ ಎಲ್ಲಿಂದ ಹಾಕಲಿ?

"ಏನ ಬೇಕಾಗಿತ್ರಿ ಕಾಕು?" ಎಂದು ದುಡ್ಡಿನ ಗಲ್ಲೆಯ ಹಿಂದಿನಿಂದ ಅಂಗಡಿಯ ಹುಡುಗ ಕೇಳಿದ.

"ಏನಿಲ್ಲಪಾ" ಎಂದೆ. ಚಾಚಿದ ಕೈಯನ್ನು ಎಲ್ಲೋ ಒಂದು ಕಡೆ ಗೋಡೆಗೆ ಊರಿ ಸ್ವಲ್ಪ ಹೊತ್ತು ನಿಂತೆ. ಅವಳಿದ್ದ ಜಾಗ ಅದೋ ಅಲ್ಲವೋ. ಆ ಹುಡುಗಿಯ ಹೆಸರನ್ನು ಓದಿದವರಲ್ಲಿ ಈಗ ಈ ಓಣಿಗೆ ಬರುವವಳು ನಾನೊಬ್ಬಳೇ. ಜೋರಾಗಿ ಓದು ಎಂದು ಕಾಕು ಹೇಳಿದ್ದ ಆ ದಿನ ಅವಳ ಹೆಸರಿನವರೆಗೆ ನಾವು ಬರಲೇ ಇಲ್ಲ, ನಾನು ಕಣ್ಣಿನಲ್ಲಷ್ಟೇ ಓದಿಕೊಂಡಿದ್ದೆ. ಗೊಬ್ಬರದ ಚೀಲಗಳ ನಡುವೆ ನಿಂತು, ಹುಡುಗನಿಗೆ ಕೇಳಿಸಿದರೂ ಅಡ್ಡಿಯಿಲ್ಲವೆಂದು, ಆ ಹೆಸರನ್ನು ಒಂದು ಸಲ ಬಾಯಿಬಿಟ್ಟು ಅಂದೆ. ಗೋಡೆ ಗಟ್ಟಿಯಾಗಿತ್ತು. ಏನೂ ಅಲುಗಲಿಲ್ಲ.